ಕಾಣಿಕೆಯ ಲೆಕ್ಕ ಕೇಳುವ ಭಾನುವಾರ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಅನೇಕ ಚರ್ಚುಗಳಲ್ಲಿ ವರ್ಷಕ್ಕೊಂದು ಭಾನುವಾರ, ಕೊನೆಯ ಆಶೀರ್ವಾದಕ್ಕೆ ಮುಂಚೆ ಒಂದು ಪ್ರಕಟಣೆ ಬರುತ್ತದೆ: ಆರಾಧನೆ ಮುಗಿದ ಮೇಲೆ ಸರ್ವ ಸದಸ್ಯರ ಸಭೆ ಇದೆ, ದಯವಿಟ್ಟು ಯಾರೂ ಹೊರಡಬೇಡಿ. ಹಾಗೆಂದದ್ದೇ ತಡ, ಹಿಂದಿನ ಬೆಂಚುಗಳು ಖಾಲಿಯಾಗತೊಡಗುತ್ತವೆ. ಉಳಿದವರ ಕೈಗೆ ಜೆರಾಕ್ಸ್ ಹಾಳೆ ಬರುತ್ತದೆ. ಖಜಾಂಚಿ ಓದುತ್ತಾರೆ, ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಕೈಗಳು ಮೇಲೇಳುತ್ತವೆ. ಇಡೀ ವರ್ಷದ ಆಯವ್ಯಯ ಹತ್ತು ನಿಮಿಷದಲ್ಲಿ ಪಾಸಾಗುತ್ತದೆ. ಆಮೇಲೆ ಕ್ರಿಸ್‌ಮಸ್ ಊಟಕ್ಕೆ ಯಾವ ಅಡುಗೆಯವರನ್ನು ಕರೆಯಬೇಕು ಎಂಬುದರ ಮೇಲೆ ಮುಕ್ಕಾಲು ಗಂಟೆ ವಾಗ್ವಾದ ನಡೆಯುತ್ತದೆ.

ಜನರನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಊಟದ ಖರ್ಚು ಎಲ್ಲರಿಗೂ ಅರ್ಥವಾಗುವ ಬಾಬ್ತು. ಸಭಾಪ್ರಾಂತ್ಯಕ್ಕೆ (ಬಿಷಪ್ಪರ ಆಡಳಿತದ ವಲಯಕ್ಕೆ) ಕಟ್ಟುವ ಪಾಲು, ಕಟ್ಟಡ ನಿಧಿ, ಠೇವಣಿಯ ಬಡ್ಡಿ ಎಂದಾಗ ನಾಲಿಗೆ ಹಿಂಜರಿಯುತ್ತದೆ. ಪ್ರಶ್ನೆ ಕೇಳಿದರೆ ಅಯ್ಯನವರ, ಅಂದರೆ ಸಭಾಪಾಲಕರ ಮೇಲೆ ಅನುಮಾನಪಟ್ಟಂತೆ ಆದೀತೇನೋ ಎಂಬ ಸಂಕೋಚವೂ ಸೇರಿಕೊಳ್ಳುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಕೈ ಎತ್ತುವುದು ಈ ಕೆಲಸದ ಕೊನೆಯ ಹೆಜ್ಜೆ. ಅದಕ್ಕೆ ಮುಂಚಿನ ಹೆಜ್ಜೆಗಳಿಲ್ಲದಿದ್ದರೆ ಅದು ಬರೀ ವ್ಯಾಯಾಮ.

ಲೆಕ್ಕ ಕೇಳುವ ಹಕ್ಕು ಎಲ್ಲ ಚರ್ಚುಗಳಲ್ಲಿ ಒಂದೇ ತೆರನಾಗಿಲ್ಲ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಲಂಡನ್ ಮಿಷನ್ ಎಂಬ ಬ್ರಿಟಿಷ್ ಪ್ರಾಟೆಸ್ಟಂಟ್ ಮಿಷನರಿ ಸಂಸ್ಥೆಯ ಪರಂಪರೆಯದು. ಅಲ್ಲಿ ಸಭೆಯೇ, ಅಂದರೆ ಸದಸ್ಯರ ಸಮುದಾಯವೇ, ತನ್ನ ಯಜಮಾನ ಎಂಬ ಭಾವನೆ ಹಳೆಯದು. ಹಡ್ಸನ್ ವೃತ್ತದ ಹಡ್ಸನ್ ಸ್ಮಾರಕ ಚರ್ಚು ಜಾನ್ ವೆಸ್ಲಿಯ ಪಂಥದವರಾದ ವೆಸ್ಲಿಯನ್ ಮೆಥೊಡಿಸ್ಟರದಾಗಿತ್ತು. ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್ ಇಂಗ್ಲೆಂಡ್ ಸಭೆಯ ಪರಂಪರೆಯ ಆಂಗ್ಲಿಕನ್ನರದು, ಬಿಷಪ್ಪರ ಅಧಿಕಾರಕ್ಕೆ ಒಗ್ಗಿದ್ದು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಉದಯವಾದಾಗ ಈ ಪರಂಪರೆಗಳೆಲ್ಲ ಒಂದೇ ಸೂರಿನಡಿ ಬಂದವು. ಹಾಗಾಗಿ ಇಂದಿಗೂ ಅಲ್ಲಿ ಎರಡು ಕೈಗಳಿವೆ. ಸಭಾಪಾಲಕರು ಅಧ್ಯಕ್ಷರಾಗಿರುವ, ಸದಸ್ಯರು ಆರಿಸಿದ ಸಮಿತಿ ಸ್ಥಳೀಯ ಖರ್ಚುವೆಚ್ಚ ನೋಡಿಕೊಳ್ಳುತ್ತದೆ. ಸಭಾಪಾಲಕರ ವರ್ಗಾವಣೆ ಮತ್ತು ಆಸ್ತಿಯ ವಿಚಾರ ಮೇಲಿನವರದು. ಗೋಡೆಗೆ ಯಾವ ಬಣ್ಣ ಬಳಿಯಬೇಕೆಂದು ಸಭೆ ತೀರ್ಮಾನಿಸಬಹುದು. ಆದರೆ ಆ ಗೋಡೆ ನಿಂತಿರುವ ಜಾಗ ಸಾಮಾನ್ಯವಾಗಿ 1947ರಲ್ಲೇ ನೋಂದಣಿಯಾದ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ನಿನ ಹೆಸರಿನಲ್ಲಿರುತ್ತದೆ. ನಗರದ ನಡುವಿನ ಜಾಗಕ್ಕೆ ಇಂದು ಇರುವ ಬೆಲೆ ನೆನೆದರೆ, ಇದು ಸಣ್ಣ ವಿಷಯವಲ್ಲ.

ಬ್ಯಾಪ್ಟಿಸ್ಟ್ ಎಂಬ ಇನ್ನೊಂದು ಪಂಥದ ಸಭೆಗಳಲ್ಲಿ ಸದಸ್ಯರ ಮತವೇ ಅಂತಿಮ. ಲ್ಯಾಟಿನ್ ಸಂಪ್ರದಾಯದ ಕಥೋಲಿಕರಲ್ಲಿ ಲೆಕ್ಕವನ್ನು ಮತಕ್ಕೆ ಹಾಕುವ ಪದ್ಧತಿಯೇ ಇಲ್ಲ. ಆದರೆ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾ ಇರಲಿ, ಬಡಾವಣೆಯ ಚಿಕ್ಕ ಧರ್ಮಕೇಂದ್ರವಿರಲಿ, 1983ರ ಧರ್ಮಸಭೆಯ ಕಾನೂನು ಸಂಹಿತೆ ಎಲ್ಲಕ್ಕೂ ಒಂದೇ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು ಎನ್ನುತ್ತದೆ 537ನೆಯ ವಿಧಿ. ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು ಎನ್ನುತ್ತದೆ 1287ನೆಯ ವಿಧಿ. ಮತವಿಲ್ಲದಿದ್ದರೂ ಕೇಳುವ ಬಾಯಿ ಇದೆ ಎಂಬುದು ಎಷ್ಟೋ ಭಕ್ತರಿಗೆ ಗೊತ್ತಿಲ್ಲ.

ಇನ್ನು ಹಣ ಎಣಿಸುವ ಮೇಜಿನ ಹತ್ತಿರ ಬರೋಣ. ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಕಾಣಿಕೆ ಚೀಲಗಳನ್ನು ಮೇಜಿನ ಮೇಲೆ ಸುರಿಯುತ್ತಾರೆ. ಮಡಚಿ ಮಡಚಿ ಬೆರಳಗಲವಾದ ಹತ್ತರ ನೋಟು, ಸಂಡೇ ಸ್ಕೂಲಿನ ಮಕ್ಕಳ ನಾಣ್ಯ, ಕೃತಜ್ಞತಾ ಕಾಣಿಕೆಯ ಲಕೋಟೆ, ಅದರ ಮೇಲೆ 'ಮಗಳ ಹೆರಿಗೆ ಸುಸೂತ್ರವಾಯಿತು' ಎಂಬ ಒಂದು ಸಾಲು. ಒಬ್ಬರು ಎಣಿಸುತ್ತಾರೆ, ಇನ್ನೊಬ್ಬರು ಮರು ಎಣಿಕೆ ಮಾಡುತ್ತಾರೆ, ಮೊತ್ತವನ್ನು ಪುಸ್ತಕದಲ್ಲಿ ಶಾಯಿಯಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಆ ಎರಡನೆಯ ಸಹಿಯೇ ಇಡೀ ಆಯವ್ಯಯದ ಅಡಿಪಾಯ. ಎಣಿಸುವ ಇಬ್ಬರೂ ಒಂದೇ ಮನೆಯವರಾಗಿದ್ದರೆ, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಆ ಸಹಿಗೆ ಅರ್ಥವಿಲ್ಲ.

ಇದು ಇಂದಿನ ಲೆಕ್ಕಪರಿಶೋಧಕರ ತಲೆಯಿಂದ ಹುಟ್ಟಿದ ನಿಯಮವೇನೂ ಅಲ್ಲ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಅರಸುಗಳ ಎರಡನೆಯ ಪುಸ್ತಕದ 12ನೆಯ ಅಧ್ಯಾಯ ತೆರೆಯಿರಿ. ದೇವಾಲಯದ ದುರಸ್ತಿಗೆಂದು ಹಣ ತೆಗೆದುಕೊಳ್ಳಿ ಎಂದು ಅರಸ ಯೋವಾಷನು ಯಾಜಕರಿಗೆ ಹೇಳಿದ್ದ. ಅವನ ಆಳ್ವಿಕೆಯ 23ನೆಯ ವರ್ಷ ಬಂದರೂ ದುರಸ್ತಿ ಆಗಿರಲಿಲ್ಲ. ಕಟ್ಟಡ ನಿಧಿಯ ಕಥೆ ಅಂದೂ ಹಾಗೆಯೇ ಇತ್ತು ನೋಡಿ. ಆಮೇಲೆ ಮುಚ್ಚಳಕ್ಕೆ ತೂತು ಕೊರೆದ ಪೆಟ್ಟಿಗೆಯನ್ನು ಯಜ್ಞವೇದಿಯ ಪಕ್ಕ ಇಟ್ಟರು. ಹಣ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಬಂದು ಎಣಿಸಿ ಚೀಲಕ್ಕೆ ಕಟ್ಟುತ್ತಿದ್ದರು. ಒಬ್ಬ ಅರಮನೆಯವನು, ಒಬ್ಬ ಗುಡಿಯವನು. ಆ ಹಣದಲ್ಲಿ ಬೆಳ್ಳಿಯ ಪಾತ್ರೆ ಮಾಡಿಸಲಿಲ್ಲ, ಬಡಗಿಗೂ ಕಲ್ಲುಕುಟಿಗನಿಗೂ ಕೂಲಿ ಕೊಟ್ಟರು ಎಂದೂ ಅಲ್ಲಿಯೇ ಬರೆದಿದೆ. ಅದೇ ಅಧ್ಯಾಯದ 15ನೆಯ ವಚನ ಮಾತ್ರ ಕೆಲವರಿಗೆ ಬಹಳ ಪ್ರಿಯ: ಕೆಲಸ ಮಾಡಿಸಿದವರು ನಂಬಿಗಸ್ತರಾದ್ದರಿಂದ ಅವರಿಂದ ಲೆಕ್ಕ ಕೇಳಲಿಲ್ಲವಂತೆ. ಆಡಿಟ್ ಎಂದೊಡನೆ ಈ ವಚನ ಎತ್ತುವವರು, ಇಬ್ಬರು ಕೂತು ಎಣಿಸಿದ 10ನೆಯ ವಚನವನ್ನು ಹಾರಿಸಿಬಿಡುತ್ತಾರೆ.

ಈಗ ಹಾಳೆಗೆ ಬರೋಣ. ಮುಂದಿನ ವರ್ಷದ ಅಂದಾಜು ಮಾತ್ರ ಇರುವ ಹಾಳೆಗೆ ಕೈ ಎತ್ತಬೇಡಿ. ಹೋದ ವರ್ಷದ ಅಂದಾಜು, ಹೋದ ವರ್ಷದ ನಿಜವಾದ ಖರ್ಚು, ಬರುವ ವರ್ಷದ ಅಂದಾಜು, ಇವು ಪಕ್ಕಪಕ್ಕದಲ್ಲಿ ಇರಬೇಕು. ವಿದ್ಯುತ್ತಿಗೆ 2 ಲಕ್ಷ ಎಂದು ಬರೆದು 3 ಲಕ್ಷ ಖರ್ಚಾಗಿ, ಈ ವರ್ಷ ಮತ್ತೆ 2 ಲಕ್ಷ ಎಂದೇ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಯಾರೂ ಕದ್ದಿಲ್ಲ, ಆದರೆ ಯಾರೂ ಯೋಚಿಸಿಲ್ಲ. ಆ ಒಂದು ಲಕ್ಷ ಎಲ್ಲಿಂದ ಬಂತು ಎಂದು ಕೇಳಬೇಕು. ಬಡ ಮಕ್ಕಳ ಶಾಲಾ ಶುಲ್ಕಕ್ಕೆಂದು ಯಾರೋ ಕೊಟ್ಟ ಹಣದಿಂದ ಕರೆಂಟು ಬಿಲ್ಲು ಕಟ್ಟಿದ್ದರೆ ಅದು ಕೈಸಾಲವಲ್ಲ, ಕೊಟ್ಟ ಮಾತಿಗೆ ತಪ್ಪಿದಂತೆ. ಸುಗ್ಗಿ ಹಬ್ಬಕ್ಕೆ ಸದಸ್ಯರು ತಂದ ಹಣ್ಣು, ತರಕಾರಿಗಳ ಹರಾಜಿನ ವರಮಾನವನ್ನು ಹಿಗ್ಗಿಸಿ ಬರೆದು ಎರಡೂ ಬದಿ ಸರಿದೂಗಿಸುವ ಚಾಳಿಯೂ ಇದೆ. ಒಂದು ಕುಂಬಳಕಾಯಿ ಹೋದ ವರ್ಷ ಉತ್ಸಾಹದ ಭರದಲ್ಲಿ ಐದು ಸಾವಿರಕ್ಕೆ ಹೋಯಿತೆಂದು ಈ ವರ್ಷವೂ ಹೋಗಬೇಕೆಂದಿಲ್ಲ.

ಉಳಿತಾಯಕ್ಕೂ ನಿಯಮವಿದೆ. ಆದಾಯ ತೆರಿಗೆ ವಿನಾಯಿತಿ ಪಡೆದ ಧಾರ್ಮಿಕ ಟ್ರಸ್ಟುಗಳು ಸಾಮಾನ್ಯವಾಗಿ ವರ್ಷದ ಆದಾಯದಲ್ಲಿ ಶೇಕಡ 85ರಷ್ಟನ್ನು ತಮ್ಮ ಉದ್ದೇಶಕ್ಕೆ ಬಳಸಬೇಕು. ಉಳಿದ ಶೇಕಡ 15ಕ್ಕಿಂತ ಹೆಚ್ಚು ಕೂಡಿಡುವುದಿದ್ದರೆ ಯಾವ ಕೆಲಸಕ್ಕೆ ಎಂದು ಇಲಾಖೆಗೆ ಹೇಳಿ, ಗಡುವಿನೊಳಗೆ ಖರ್ಚು ಮಾಡಬೇಕು. ಇಲಾಖೆಗೆ ಹೇಳುವ ಉದ್ದೇಶವನ್ನು ಸಭೆಯ ಮುಂದೆ ಹೇಳಲು ಏನಡ್ಡಿ?

ಇತ್ತೀಚೆಗೆ ಕಾಣಿಕೆ ಚೀಲದ ಜೊತೆಗೆ ಬಾಗಿಲಲ್ಲಿ ಕ್ಯೂಆರ್ ಕೋಡ್ ಕೂಡ ಬಂದಿದೆ. ಇದರಿಂದ ಅನುಕೂಲವೇ ಹೆಚ್ಚು. ಬ್ಯಾಂಕಿನಲ್ಲಿ ಗುರುತು ಉಳಿಯುತ್ತದೆ. ಸ್ಕ್ಯಾನ್ ಮಾಡಿದಾಗ ಮೊಬೈಲಿನಲ್ಲಿ ಮೂಡುವ ಹೆಸರು ಚರ್ಚಿನ ಖಾತೆಯದೋ, ಯಾರದಾದರೂ ಸ್ವಂತ ಖಾತೆಯದೋ ಎಂದು ಒಮ್ಮೆ ಕಣ್ಣಾಡಿಸಿ.

ಕೊನೆಯದಾಗಿ ಸಮಿತಿಯವರಿಗೆ ಒಂದು ಮಾತು. ಹಾಳೆಯನ್ನು ಎರಡು ಭಾನುವಾರ ಮೊದಲೇ ಹಂಚಿ, ಸೂಚನಾ ಫಲಕಕ್ಕೂ ಅಂಟಿಸಿ. ಎದ್ದು ನಿಂತು ಮಾತನಾಡಲು ಹಿಂಜರಿಯುವವರು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕಾರ್ಯದರ್ಶಿಗೆ ಕೊಡಲಿ. ಉತ್ತರವನ್ನು ಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಅಡುಗೆಯವರ ವಿಷಯವನ್ನು ಕಾರ್ಯಸೂಚಿಯ ಕಟ್ಟಕಡೆಗೆ ಇಟ್ಟರೆ ಇನ್ನೂ ಒಳ್ಳೆಯದು. ನಮಸ್ಕಾರ.