ಮೂರು ಮೊಬೈಲ್‌ಗಳಲ್ಲಿ ಒಂದು ವಲಸೆ

ಕೇಳುಗರಿಗೆ ನಮಸ್ಕಾರ.

ನಿರಾಶ್ರಿತರ ಸುದ್ದಿ ಬಂದಾಗಲೆಲ್ಲ ಟಿವಿಯಲ್ಲಿ ನಾವು ನೋಡುವುದು ಮುಳ್ಳುತಂತಿ, ಜನ ತುಂಬಿದ ದೋಣಿ, ಯಾರದೋ ಹೆಗಲ ಮೇಲೊಂದು ಮಗು. ಅವೆಲ್ಲ ಬೇಲಿಯ ಈಚೆ ನಿಂತವರು ತೆಗೆದ ಚಿತ್ರಗಳು. ಆಚೆ ಇರುವವರೇ ಕ್ಯಾಮೆರಾ ಹಿಡಿದರೆ? ಹಾಗೆ ಹುಟ್ಟಿದ್ದು 2019ರ ಸಾಕ್ಷ್ಯಚಿತ್ರ ‘ಮಿಡ್‌ನೈಟ್ ಟ್ರಾವೆಲರ್’.

ಅದರ ನಿರ್ದೇಶಕ ಹಸನ್ ಫಜಿಲಿ ಅಫ್ಘಾನಿಸ್ತಾನದವರು. ಆಯುಧ ಕೆಳಗಿಟ್ಟ ತಾಲಿಬಾನ್ ಕಮಾಂಡರ್ ಒಬ್ಬನ ಬಗ್ಗೆ ಅವರು ಚಿತ್ರ ಮಾಡಿದ್ದರು. ಆತನ ಕೊಲೆಯಾಯಿತು. 2015ರಲ್ಲಿ ಹಸನ್ ತಲೆಗೂ ತಾಲಿಬಾನ್ ಬೆಲೆ ಕಟ್ಟಿತು. ಹೆಂಡತಿ ಫಾತಿಮಾ ಹುಸೈನಿ, ಅವರೂ ಸಿನಿಮಾದವರೇ, ಜೊತೆಗೆ ಇಬ್ಬರು ಹೆಣ್ಣುಮಕ್ಕಳು. ತಜಿಕಿಸ್ತಾನಕ್ಕೆ ಹೋದರೆ ಅಲ್ಲಿ ಆಶ್ರಯ ಸಿಗಲಿಲ್ಲ. ಮತ್ತೆ ತಮ್ಮ ದೇಶಕ್ಕೇ ಮರಳಿ, ಅಲ್ಲಿಂದ ಇರಾನ್, ಟರ್ಕಿ, ಬಲ್ಗೇರಿಯ, ಸರ್ಬಿಯ, ಹಂಗೆರಿ. ಈ ದಾರಿಯನ್ನೆಲ್ಲ ಮನೆಯವರೇ ಮೂರು ಮೊಬೈಲ್‌ಗಳಲ್ಲಿ ಹಿಡಿದರು.

ನನ್ನನ್ನು ತಟ್ಟಿದ್ದು ಓಟಕ್ಕಿಂತ ಹೆಚ್ಚಾಗಿ ಕಾಯುವಿಕೆ. ಅಧಿಕಾರ ಎಂದರೆ ಲಾಠಿ, ಬಂದೂಕು ಅಂದುಕೊಳ್ಳುತ್ತೇವೆ. ಇಲ್ಲಿ ಅದು ಒಂದು ಪಟ್ಟಿ. ಸರ್ಬಿಯದ ಶಿಬಿರದಲ್ಲಿ ಕೂತು, ಹಂಗೆರಿಯೊಳಗೆ ಹೋಗಲು ತಮ್ಮ ಹೆಸರು ಯಾವಾಗ ಬರುತ್ತದೋ ಎಂದು ತಿಂಗಳುಗಟ್ಟಲೆ ಕಾಯಬೇಕು. ಹೆಸರು ಬಂದ ಮೇಲೂ ಗಡಿಯಲ್ಲೇ ಬೇಲಿಗಳ ನಡುವಿನ ಶಿಬಿರದಲ್ಲಿ ಮತ್ತೆ ಕಾಯಬೇಕು. ಅಂಥ ಶಿಬಿರದಲ್ಲಿಡುವುದು ಬಂಧನವೇ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2020ರಲ್ಲಿ ಹೇಳಿತು. ಆಮೇಲೆ ಹಂಗೆರಿ ಅವನ್ನು ಮುಚ್ಚಿತು. ಅಷ್ಟರಲ್ಲಿ ಎಷ್ಟು ಮಕ್ಕಳ ಬಾಲ್ಯ ಅಲ್ಲಿ ಕಳೆದುಹೋಗಿತ್ತೋ!

ಶಿಬಿರದಲ್ಲಿ ಹಿರಿಯ ಮಗಳಿಗೆ ಬೇಜಾರು, ಅಳು. ಇನ್ನೊಮ್ಮೆ ಮೈಕೆಲ್ ಜಾಕ್ಸನ್ ಹಾಡು ಹಾಕಿಕೊಂಡು ಮನಸಾರೆ ಕುಣಿತ. ಗಂಡ ಹೆಂಡಿರ ನಡುವೆ ಮುನಿಸು, ನಗು. ಸುದ್ದಿಯವರಿಗೆ ಇದೆಲ್ಲ ಬೇಡ. ಆದರೆ ಇಷ್ಟನ್ನು ನೋಡಿದ ಮೇಲೆ ಇವರನ್ನು ಬರೀ ‘ನಿರಾಶ್ರಿತರು’ ಎಂದು ಕರೆಯಲು ನನ್ನ ಬಾಯಿ ಬರುವುದಿಲ್ಲ.

ಒಂದು ಹೊತ್ತು ಕಿರಿಯ ಮಗಳು ಕಾಣೆಯಾಗುತ್ತಾಳೆ. ಅಪ್ಪ ಹುಡುಕುತ್ತಾ ಓಡಾಡುತ್ತಾರೆ. ಆ ಗಾಬರಿಯಲ್ಲೂ ಅವರ ತಲೆಯಲ್ಲಿ ಒಂದು ಯೋಚನೆ ಸುಳಿಯುತ್ತದೆ: ಚಿತ್ರದ ಅತ್ಯುತ್ತಮ ದೃಶ್ಯ ಇದೇ ಆಗಬಹುದಲ್ಲ! ಮರುಕ್ಷಣವೇ ತಮ್ಮ ಬಗ್ಗೆ, ಸಿನಿಮಾದ ಬಗ್ಗೆಯೇ ಅವರಿಗೆ ಹೇಸಿಗೆ ಹುಟ್ಟುತ್ತದೆ. ಮಗಳು ಸಿಗುತ್ತಾಳೆ. ಆ ಹುಡುಕಾಟದ ದೃಶ್ಯ ಮಾತ್ರ ಚಿತ್ರದಲ್ಲಿಲ್ಲ. ಅದನ್ನು ನೆನೆದು ಹೇಳುವ ಹಸನ್ ಅವರ ದನಿ ಇದೆ, ಅಷ್ಟೆ.

ನನ್ನ ಮಟ್ಟಿಗೆ ಇಡೀ ಚಿತ್ರದ ಜೀವ ಅಲ್ಲಿದೆ. ತೋರಿಸದೆ ಬಿಟ್ಟ ಆ ಜಾಗದಿಂದಾಗಿಯೇ ತೋರಿಸಿದ ಉಳಿದೆಲ್ಲವನ್ನೂ ನಾನು ನಂಬುತ್ತೇನೆ. ಸಿಕ್ಕರೆ ನೋಡಿ. ಮಕ್ಕಳು ಸ್ವಲ್ಪ ದೊಡ್ಡವರಾಗಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಕೇಳುವ ಪ್ರಶ್ನೆಗಳಿಗೆ ಬಿಡುವು ಇಟ್ಟುಕೊಳ್ಳಿ. ನಮಸ್ಕಾರ.