ದಾಟಿದ ಮೇಲೆ ಯಾವ ಭಾಷೆ?

ಅಧ್ಯಕ್ಷರೇ, ಮಾಷ್ಟ್ರುಗಳೇ, ಟೀಚರುಗಳೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಆಕಳಿಸುತ್ತಿರುವ ಮಕ್ಕಳೇ,

ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ದಾಟುವ ಮಕ್ಕಳ ಕಾದಂಬರಿಗಳ ಬಗ್ಗೆ ಮಾತಾಡಬೇಕು ಅಂದಿದ್ದಾರೆ. ಇಂಥ ಕಥೆ ಎಂದರೆ ಎಲ್ಲರ ಕಣ್ಣೂ ಬಾಗಿಲ ಮೇಲೆಯೇ. ಕಪಾಟಿನ ಹಿಂದೆ ಹಿಮ ಬೀಳುವ ಕಾಡು ಇದೆಯಂತೆ, ಉಂಗುರ ಮುಟ್ಟಿದರೆ ಮಾಯವಂತೆ, ಚೂರಿಯಿಂದ ಗಾಳಿಯಲ್ಲೇ ಕಿಟಕಿ ಕೊಯ್ಯಬಹುದಂತೆ. ನನಗೆ ಕುತೂಹಲ ಇರುವುದು ದಾಟಿದ ಮೇಲಿನ ಮೊದಲ ಐದು ನಿಮಿಷದಲ್ಲಿ. ಅಲ್ಲಿ ಎದುರಾದವರ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುವುದು? ಲಂಡನ್ನಿನ ಮಗುವಿಗೆ ಈ ಪ್ರಶ್ನೆ ಹೊಳೆಯದೇ ಹೋಗಬಹುದು. ಕಾಸರಗೋಡಿನ ಮಗುವಿಗೆ ಮೊದಲು ಹೊಳೆಯುವುದೇ ಇದು.

ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಮಾಲೆಯಲ್ಲಿ ‘ದಿ ಮೆಜೀಶಿಯನ್ಸ್ ನೆಫ್ಯೂ’ ಅಂತ ಒಂದು ಕಾದಂಬರಿ ಇದೆ, 1955ರದ್ದು. ಡಿಗೊರಿ, ಪಾಲಿ ಎಂಬ ಇಬ್ಬರು ಮಕ್ಕಳು. ಹಳದಿ ಉಂಗುರ ಮುಟ್ಟಿದರೆ ಒಂದು ಸದ್ದಿಲ್ಲದ ಕಾಡಿಗೆ ಬರುತ್ತಾರೆ. ಕಾಡಿನ ತುಂಬ ಸಣ್ಣ ಸಣ್ಣ ಕೊಳ, ಒಂದೊಂದು ಕೊಳವೂ ಒಂದೊಂದು ಲೋಕಕ್ಕೆ ದಾರಿ. ಹಸಿರು ಉಂಗುರ ಹಾಕಿಕೊಂಡು ಹಾರಿದರಾಯಿತು. ಹಾಗೆ ಹಾರಿದವರು ಹಾಳುಬಿದ್ದ ಒಂದು ಅರಮನೆಗೆ ಬಂದು ಬೀಳುತ್ತಾರೆ. ಅಲ್ಲಿ ಒಂದು ಪುಟ್ಟ ಗಂಟೆ, ಒಂದು ಸುತ್ತಿಗೆ, ಕಲ್ಲಿನ ಮೇಲೆ ಕೊರೆದ ಬರಹ. ಅಕ್ಷರ ಗುರುತಿಲ್ಲದ್ದು. ಆದರೆ ನೋಡುತ್ತ ನಿಂತ ಹಾಗೆ, ಅಕ್ಷರದ ರೂಪ ಒಂದು ಚೂರೂ ಬದಲಾಗದೆ, ಅರ್ಥ ಮಾತ್ರ ತಲೆಗೆ ಇಳಿಯುತ್ತದೆ. ಆ ಕೋಣೆಯ ಮಾಟ ಅದು. ಲೂಯಿಸ್‌ಗೆ ಪ್ರಶ್ನೆ ಕಂಡಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ. ಕಂಡರೂ ಮಂತ್ರ ಹಾಕಿ ಜಾರಿಕೊಂಡರು. ಹುಡುಗ ಗಂಟೆ ಬಾರಿಸುತ್ತಾನೆ, ಅಲ್ಲಿ ಮಾಟದ ನಿದ್ದೆಯಲ್ಲಿದ್ದ ರಾಣಿ ಏಳುತ್ತಾಳೆ, ಮಾತಾಡುತ್ತಾಳೆ. ಅವಳ ಮಾತು ನಮಗೆ ಹೇಗೆ ತಿಳಿಯಿತು ಅಂತ ಮಕ್ಕಳಿಬ್ಬರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಫಿಲಿಪ್ ಪುಲ್‌ಮನ್ ಇನ್ನೂ ಬಿಗಿಯಾದ ಲೆಕ್ಕದವರು. ಅವರ ‘ದಿ ಸಟಲ್ ನೈಫ್’ (1997) ಓದಿ. ನಮ್ಮ ಲೋಕದ ವಿಲ್, ಬೇರೊಂದು ಲೋಕದ ಆಕ್ಸ್‌ಫರ್ಡಿನ ಲೈರಾ, ಇಬ್ಬರೂ ಸೇರುವುದು ಮೂರನೆಯ ಲೋಕದ ಒಂದು ಬರಿದಾದ ಪೇಟೆಯಲ್ಲಿ. ಯಾರದೋ ಅಡುಗೆಮನೆಯಲ್ಲಿ ಹುಡುಗ ಅವಳಿಗೆ ಆಮ್ಲೆಟ್ ಮಾಡಿಕೊಡುತ್ತಾನೆ. ಲೋಕಗಳೇ ಬೇರೆಯಾದ ಇಬ್ಬರ ಮೊದಲ ಪರಿಚಯ ಹಸಿವಿನ ಮೂಲಕ ಆಗುತ್ತದಲ್ಲ, ಅದು ಒಳ್ಳೆಯ ಕಥೆಗಾರನ ಕೈ. ಈ ಸರಣಿಯಲ್ಲಿ ದಾಟುವುದಕ್ಕೆ ಸುಂಕವೂ ಇದೆ. ಚೂರಿಯಿಂದ ಕೊಯ್ದು ತೆರೆದ ಕಿಟಕಿಯಿಂದ ಲೋಕದ ಸತ್ವ ಸೋರಿಹೋಗುತ್ತದೆ. ತನ್ನ ಲೋಕ ಬಿಟ್ಟವನು ಹತ್ತು ವರ್ಷದೊಳಗೆ ಕಾಯಿಲೆ ಬಿದ್ದು ಸಾಯುತ್ತಾನೆ. ಇಷ್ಟೆಲ್ಲ ಲೆಕ್ಕ ಹಾಕಿದವರು ಆ ಇಬ್ಬರು ಮಕ್ಕಳಿಗೂ ಕೊಟ್ಟದ್ದು ಇಂಗ್ಲಿಷನ್ನೇ, ಅಲ್ಲಲ್ಲಿ ನಾಲ್ಕು ಪದ ಬೇರೆ ಮಾಡಿ.

ಭಾಷೆಯ ಕಷ್ಟ ಬರುವುದು ಮುಂದಿನ ಪುಸ್ತಕದಲ್ಲಿ, 2000ದ ‘ದಿ ಆಂಬರ್ ಸ್ಪೈಗ್ಲಾಸ್’ನಲ್ಲಿ. ಮೇರಿ ಎಂಬ ವಿಜ್ಞಾನಿ ಮುಲೆಫಾ ಎಂಬ ಜೀವಿಗಳ ನಡುವೆ ಸಿಕ್ಕಿಕೊಳ್ಳುತ್ತಾಳೆ. ಅವು ದುಂಡನೆಯ ದೊಡ್ಡ ಕಾಯಿಗಳನ್ನು ಗಾಲಿ ಮಾಡಿಕೊಂಡು ಓಡಾಡುವಂಥವು. ಅವಕ್ಕೆ ಬಾಯಿಯ ಸದ್ದಿನ ಜೊತೆಗೆ ಸೊಂಡಿಲು ಆಡಿಸಿದರೇ ಮಾತು ಪೂರ್ತಿ. ಮೇರಿಗೆ ಸೊಂಡಿಲೆಲ್ಲಿ? ತೋಳನ್ನೇ ಹಾಗೆ ಬೀಸುತ್ತ ಒಂದೊಂದೇ ಪದ ಕಲಿಯುತ್ತಾಳೆ. ಮೂರು ಸಂಪುಟಗಳಲ್ಲಿ ನನಗೆ ಹೆಚ್ಚು ಇಷ್ಟವಾದ ಪುಟಗಳು ಇವೇ. ಆದರೆ ನೋಡಿ, ಆ ಕಷ್ಟವನ್ನು ದೊಡ್ಡವಳಿಗೆ ಕೊಟ್ಟರು, ಮಕ್ಕಳಿಗೆ ಕೊಡಲಿಲ್ಲ.

ರಾಮಾಯಣದ ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಸೀಮೆಯವರಾದ ನಮಗೆ ರಾಮಾಯಣ ಹೊಸತಲ್ಲ. ವಾಲ್ಮೀಕಿಯ ಸುಂದರಕಾಂಡದಲ್ಲಿ ಹನುಮಂತ ಕಡಲು ಹಾರಿ ಬಂದು ಶಿಂಶಪಾ ಮರದಲ್ಲಿ ಅಡಗಿ ಕೂತು ಏನು ಯೋಚಿಸುತ್ತಾನೆ? ಪಂಡಿತರ ಹಾಗೆ ಸಂಸ್ಕೃತ ಆಡಿದರೆ ಸೀತೆ ತನ್ನನ್ನು ರಾವಣನೆಂದು ತಿಳಿದು ಹೆದರಿಯಾಳು, ಸಾಮಾನ್ಯ ಮನುಷ್ಯರ ಮಾತೇ ಸರಿ, ಅಂತ. ಕಡಲು ಹಾರುವಾಗ ಹಿಂಜರಿಯದವನು ಭಾಷೆ ಆರಿಸುವಾಗ ಅಳೆದು ಸುರಿದು ನೋಡುತ್ತಾನೆ.

ಇಲ್ಲಿನ ಮಕ್ಕಳು ದಿನಾ ಮಾಡುವುದು ಅದನ್ನೇ ಅಲ್ಲವೇ? ಮನೆಯಲ್ಲಿ ತುಳುವೋ ಹವ್ಯಕವೋ, ಕ್ಲಾಸಿನಲ್ಲಿ ಕನ್ನಡ, ಬಸ್ಸಿನಲ್ಲಿ ಕಂಡಕ್ಟರನ ಮುಖ ನೋಡಿದ್ದೇ ಮಲಯಾಳ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅಂಗಳ ಬಿಟ್ಟು ಕದಲದವರೂ ಬೇರೆ ರಾಜ್ಯಕ್ಕೆ ಬಂದುಬಿಟ್ಟಿದ್ದರು. ಈಗಲೂ ಎಷ್ಟೋ ಮನೆಗಳಲ್ಲಿ ಮಲಯಾಳದ ನೋಟೀಸು ಬಂದರೆ ಅಜ್ಜ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಶಾಲೆಯಿಂದ ಪುಳ್ಳಿ ಬರುವವರೆಗೆ ಕಿಟಕಿಯ ಸರಳಿಗೆ ಸಿಕ್ಕಿಸಿಡುತ್ತಾರೆ. ಅವಳು ಚೀಲ ಇಳಿಸಿ, ಓದಿ, ‘ಅಜ್ಜ, ಇದು ತೆರಿಗೆದ್ದು, ಹೆದರಬೇಡಿ’ ಅನ್ನುತ್ತಾಳೆ. ಆ ಹೊತ್ತಿಗೆ ಮನೆಯ ಯಜಮಾನಿಕೆ ಅವಳದ್ದೇ. ಲೋಕ ದಾಟುವ ಕಾದಂಬರಿಗೆ ಇಂಥ ನಾಯಕಿ ಇನ್ನೆಲ್ಲಿ ಸಿಗುತ್ತಾಳೆ? ಅವಳಿಗೆ ಮಾಯದ ಚೂರಿ ಬೇಡ. ಬೇಕಾದ್ದು, ಬೋರ್ಡಿನ ಅಕ್ಷರ ಓದಲಾಗದ ಒಂದು ಬಸ್‌ಸ್ಟ್ಯಾಂಡು, ಮತ್ತು ಅವಳ ಅರ್ಧ ಮಾತು ಮಾತ್ರ ತಿಳಿಯುವ ಒಬ್ಬ ಸ್ನೇಹಿತೆ. ತಪ್ಪು ಅರ್ಥದಿಂದ ಜಗಳವಾಗಲಿ, ನಗುವಾಗಲಿ, ದಾರಿ ತಪ್ಪಲಿ. ಆಮೇಲೆ ರಾಕ್ಷಸ ಬಂದರೂ ಆದೀತು.

ಮಕ್ಕಳೇ, ಬರೆಯುವುದಾದರೆ ಆ ಬಸ್‌ಸ್ಟ್ಯಾಂಡಿನಿಂದಲೇ ಶುರು ಮಾಡಿ. ಮಾಷ್ಟ್ರುಗಳಲ್ಲಿ ಒಂದೇ ಬಿನ್ನಹ: ತಿದ್ದುವಾಗ, ಮಾತುಕತೆಯಲ್ಲಿ ಬಂದ ತುಳು, ಮಲಯಾಳಕ್ಕೆಲ್ಲ ಕೆಂಪು ಗೆರೆ ಎಳೆಯಬೇಡಿ.