ಅಪರಿಚಿತ ವಾಹನ

ಕೇಳುಗರೇ, ನಮಸ್ಕಾರ.

ಪೇಪರಿನಲ್ಲಿ ಈ ಸುದ್ದಿಯನ್ನು ನೀವೂ ಓದಿರುತ್ತೀರಿ. ಒಳಪುಟದ ಮೂಲೆಯಲ್ಲಿ ನಾಲ್ಕೇ ಸಾಲು. ‘ಅಪರಿಚಿತ ವಾಹನ ಡಿಕ್ಕಿ: ಸೈಕಲ್ ಸವಾರ ಸಾವು’. ಸತ್ತವರ ಹೆಸರು, ವಯಸ್ಸು, ಊರು ಎಲ್ಲ ಇರುತ್ತದೆ. ಕೇಸು ದಾಖಲಾದ ಠಾಣೆಯೂ ಇರುತ್ತದೆ. ಗುದ್ದಿದವರು ಮಾತ್ರ ಇರುವುದಿಲ್ಲ. ವಾಹನ ತಾನಾಗಿ ಬಂದು, ಗುದ್ದಿ, ತಾನಾಗಿ ಹೋಯಿತೇನೋ ಅನ್ನುವ ಹಾಗೆ.

ಈ ‘ಅಪರಿಚಿತ ವಾಹನ’ ನನಗೆ ಸ್ವಲ್ಪ ಪರಿಚಯ. 2017ರಲ್ಲಿ ನನಗೂ ಒಂದು ಗುದ್ದಿತ್ತು.

ಬೆಳಿಗ್ಗೆ ಆರೂಕಾಲು. ಹಾಲು ತರಲು ಬೈಪಾಸಿನ ಅಂಚಿನಲ್ಲಿ ಸೈಕಲ್ ತುಳಿಯುತ್ತಿದ್ದೆ. ನಮ್ಮ ಕಡೆ ಪ್ರತಿ ಸಲವೂ ಹಳೇ ಡಾಂಬರಿನ ಮೇಲೇ ಹೊಸ ಡಾಂಬರು ಸುರಿಯುತ್ತಾರೆ. ಪಕ್ಕದ ಮಣ್ಣು ಇದ್ದಲ್ಲೇ ಇರುತ್ತದೆ. ಹೀಗಾಗಿ ಎರಡರ ನಡುವೆ ಒಂದು ಗೇಣಿನ ಮೆಟ್ಟಿಲು. ಕಾರಿನವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಸೈಕಲ್‌ನವನಿಗೆ ಪ್ರಾಣ ಇರುವುದೇ ಅಲ್ಲಿ. ಹಿಂದೆ ಹಾರ್ನ್ ಕೇಳಿಸಿದರೆ ಇಳಿಯಬೇಕು. ಇಳಿಯುವುದೇನೋ ಸಲೀಸು. ಮತ್ತೆ ಹತ್ತುವಾಗ ಮುಂದಿನ ಚಕ್ರ ಅಂಚಿಗೆ ಉಜ್ಜಿಕೊಂಡು ಜಾರುತ್ತದೆ. ಜಾರಿದರೆ ಬೀಳುವುದು ರಸ್ತೆಯ ಕಡೆಗೇ. ಅದಕ್ಕೇ ನಾನು ಅವತ್ತು ಇಳಿಯಲಿಲ್ಲ. ಬಿಳಿ ಗೆರೆಯ ಮೇಲೇ ಹೋಗುತ್ತಿದ್ದೆ. ಗಾಡಿಯ ಕನ್ನಡಿಯೋ, ಟಾರ್ಪಾಲಿನ ಕೊಕ್ಕೆಯೋ ಗೊತ್ತಿಲ್ಲ, ಬಲ ಮೊಣಕೈಗೆ ಬಡಿಯಿತು. ಕಣ್ಣು ಬಿಟ್ಟಾಗ ಮಣ್ಣಿನಲ್ಲಿದ್ದೆ. ಹಿಂದಿನ ಚಕ್ರ ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಖಾಲಿ ಹಾಲಿನ ಕ್ಯಾನು ಇನ್ನೂ ಉರುಳುತ್ತಲೇ ಇತ್ತು.

ಎದುರಿನ ಟೀ ಅಂಗಡಿಯಿಂದ ಇಬ್ಬರು ಓಡಿ ಬಂದರು. “ಗೂಡ್ಸ್ ಗಾಡಿ, ಹಳದಿ ಬೋರ್ಡು, ಕೊನೆಗೆ 47” ಅಂದರು ಒಬ್ಬರು. “ಇಲ್ಲ ಮಾರಾಯ, 74” ಅಂದರು ಇನ್ನೊಬ್ಬರು. ಠಾಣೆಯಲ್ಲಿ ರೈಟರ್ ಎರಡನ್ನೂ ಬರೆದುಕೊಂಡರು. ನನ್ನ ಮೊಣಕೈಗೆ ಪ್ಲೇಟು ಬಿತ್ತು. ವರ್ಷದ ಮೇಲೆ ಫೈಲು ‘ಸಿ’ ರಿಪೋರ್ಟ್ ಆಗಿ ಮುಚ್ಚಿಕೊಂಡಿತು. ಪತ್ತೆಯಾಗಲಿಲ್ಲ ಅನ್ನುವುದನ್ನು ಪೊಲೀಸರು ಹಾಗೆ ಕರೆಯುತ್ತಾರೆ.

ನಂಬರು ಸಿಕ್ಕಿದ್ದರೆ ಏನಾಗುತ್ತಿತ್ತು ಅಂತೀರಾ? ಬಹಳ ಆಗುತ್ತಿತ್ತು. ಇವತ್ತಿನ ಲೆಕ್ಕದಲ್ಲೇ ಹೇಳುತ್ತೇನೆ. ಗುದ್ದಿದ ಗಾಡಿ ಯಾವುದು ಅಂತ ಗೊತ್ತಾದರೆ ಅದರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕೆಲಸಕ್ಕೆ ಬರುತ್ತದೆ. ತಪ್ಪು ಯಾರದು ಅಂತ ಸಾಬೀತು ಮಾಡದೆಯೇ, ಸಾವಾದರೆ 5 ಲಕ್ಷ, ಮೂಳೆ ಮುರಿಯುವಂಥ ಭಾರಿ ಗಾಯವಾದರೆ ಎರಡೂವರೆ ಲಕ್ಷ ರೂಪಾಯಿ ಕೇಳಬಹುದು. ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಅದು. ಚಾಲಕನ ತಪ್ಪು ತೋರಿಸಿಕೊಡುತ್ತೇನೆ ಅನ್ನುವವರು ಎಂವಿಸಿ ಕೇಸು, ಅಂದರೆ ವಾಹನ ಅಪಘಾತದ ಪರಿಹಾರ ಕೇಳುವ ಕೇಸು ಹಾಕಿ, ವಯಸ್ಸು, ದುಡಿಮೆ, ಆಸ್ಪತ್ರೆ ಖರ್ಚು ನೋಡಿ ಅದಕ್ಕಿಂತ ಜಾಸ್ತಿಯೂ ಪಡೆಯಬಹುದು. ಅದಕ್ಕೆ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು, ಮರೆಯಬೇಡಿ. ಗಾಡಿ ಯಾವುದು ಅಂತ ಗೊತ್ತಾಗದಿದ್ದರೆ? ಸಾವಿಗೆ 2 ಲಕ್ಷ, ಭಾರಿ ಗಾಯಕ್ಕೆ 50 ಸಾವಿರ. ಅಷ್ಟೇ. ಅದೂ 2022ರ ಏಪ್ರಿಲ್‌ನಿಂದ ಈಚೆಗೆ. ನಾನು ಬಿದ್ದ ಕಾಲಕ್ಕೆ 25 ಸಾವಿರ ಮತ್ತು ಹನ್ನೆರಡೂವರೆ ಸಾವಿರ ಇತ್ತು.

ನನ್ನ ಪಾಲಿನ ಆ ಹನ್ನೆರಡೂವರೆ ಸಾವಿರವೂ ನನಗೆ ಬರಲಿಲ್ಲ. ಯಾರೂ ತಿಂದುಹಾಕಲಿಲ್ಲ. ನಾನು ಕೇಳಲೇ ಇಲ್ಲ. ಅಂಥದ್ದೊಂದು ದುಡ್ಡು ಇದೆ ಅಂತ ಗೊತ್ತಾಗುವ ಹೊತ್ತಿಗೆ ಕೈಯ ಪ್ಲೇಟನ್ನೂ ತೆಗೆಸಿ ಆಗಿತ್ತು. ನಾನೊಬ್ಬನೇ ದಡ್ಡ ಅಂದುಕೊಂಡಿದ್ದೆ. ಆಮೇಲೆ ಒಂದು ಲೆಕ್ಕ ನೋಡಿದೆ. 2022ರಲ್ಲಿ ದೇಶದಲ್ಲಿ ಗುದ್ದಿ ಓಡಿಹೋದ ಪ್ರಕರಣಗಳು 67 ಸಾವಿರಕ್ಕೂ ಹೆಚ್ಚು. ಅದರಲ್ಲಿ ಸತ್ತವರೇ 30 ಸಾವಿರಕ್ಕೂ ಹೆಚ್ಚು. ಆದರೆ 2022–23ರ ಇಡೀ ಹಣಕಾಸು ವರ್ಷದಲ್ಲಿ ಈ ಪರಿಹಾರಕ್ಕೆ ಬಂದ ಅರ್ಜಿ ಎಷ್ಟು ಗೊತ್ತಾ? 205. ಸಾವಿರವಲ್ಲ, ಬರೀ ಇನ್ನೂರ ಐದು. ಇದನ್ನು ನೋಡಿ ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಒಂದು ಆದೇಶ ಮಾಡಿತು. ಗಾಡಿ ಒಂದು ತಿಂಗಳಲ್ಲಿ ಪತ್ತೆಯಾಗದಿದ್ದರೆ, ಇಂಥ ಪರಿಹಾರ ಇದೆ ಅಂತ ಪೊಲೀಸರೇ ಗಾಯಾಳುವಿಗೆ ಅಥವಾ ಸತ್ತವರ ಮನೆಯವರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ನಿಮಗೆ ಗೊತ್ತಿರುವವರ ಮನೆಯಲ್ಲಿ ಹೀಗಾಗಿದ್ದರೆ, ಆ ಪತ್ರ ಬಂದಿದೆಯಾ ಅಂತ ಠಾಣೆಯಲ್ಲಿ ಕೇಳಿಸಿ. ಅರ್ಜಿ ತೆಗೆದುಕೊಳ್ಳುವುದು ಕಂದಾಯ ಇಲಾಖೆಯವರು. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಅದೇ 2022ರಲ್ಲಿ ರಸ್ತೆಯಲ್ಲಿ ಸತ್ತ ಒಟ್ಟು ಜನ 1,68,491. ಸೈಕಲ್‌ನವರು ಅದರಲ್ಲಿ 4,800ಕ್ಕೂ ಹೆಚ್ಚು. ಶೇಕಡಾ ಮೂರೂ ಇಲ್ಲ ಅಲ್ವಾ ಅನ್ನಬಹುದು. ಆದರೆ ಈಗ ಸೈಕಲ್ ತುಳಿಯುವವರು ಎಷ್ಟು ಜನ ಉಳಿದಿದ್ದಾರೆ ಹೇಳಿ? ಪೇಪರ್ ಹಾಕುವ ಹುಡುಗರು, ಗಾರೆ ಕೆಲಸದವರು, ಸೊಪ್ಪು ಮಾರುವವರು, ಸ್ಕೂಲಿನ ಮಕ್ಕಳು. 2006–07ರಿಂದ ನಮ್ಮ ಸರ್ಕಾರವೇ 8ನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಹಂಚಿತು. ಒಳ್ಳೆಯ ಕೆಲಸ. ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮೆಟ್ಟಿಲು ಹತ್ತಿದ್ದು ಅದರಿಂದಲೇ. ಆದರೆ ಸೈಕಲ್ ಕೊಟ್ಟವರು ಸೈಕಲ್ ಓಡುವುದಕ್ಕೆ ಜಾಗ ಕೊಡಲಿಲ್ಲ. ಬೆಂಗಳೂರಿನ ಜಯನಗರದಲ್ಲಿ ಸೈಕಲ್‌ಗೆಂದೇ ದಾರಿ ಮಾಡಿದರು. ಅಲ್ಲಿ ಕಾರು ನಿಲ್ಲಿಸಿಕೊಂಡರು.

ಇನ್ನು ಶಿಕ್ಷೆಯ ಮಾತು. ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಅಂತ ಒಂದು ಸಾಲು ಇದ್ದೇ ಇರುತ್ತದೆ. ಬರೀ ಅದಕ್ಕೆ 1860ರ ದಂಡ ಸಂಹಿತೆ ಇಟ್ಟಿದ್ದು ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಗ ಮೋಟಾರು ಕಾರು ಹುಟ್ಟಿಯೇ ಇರಲಿಲ್ಲ. ಕುದುರೆ ಗಾಡಿಯವನಿಗೆ ಹಾಕಿದ್ದ ದಂಡ ಅದು! 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂತು. ದಂಡ ಅದೇ ಸಾವಿರ. ಸಾವಾದರೆ ಮಾತ್ರ ಎರಡು ವರ್ಷ ಇದ್ದದ್ದು ಐದು ವರ್ಷದವರೆಗೆ ಏರಿತು. ಗುದ್ದಿ, ಯಾರಿಗೂ ತಿಳಿಸದೆ ಓಡಿಹೋದವರಿಗೆ ಹತ್ತು ವರ್ಷದವರೆಗೆ ಅಂತಲೂ ಬರೆದರು. ಲಾರಿ ಚಾಲಕರು ಅದಕ್ಕೂ ಮೊದಲೇ, ಆ ವರ್ಷದ ಜನವರಿಯಲ್ಲಿ, ಮುಷ್ಕರ ಹೂಡಿದ್ದರು. ಹೀಗಾಗಿ ಉಳಿದ ಕಾನೂನು ಜಾರಿಯಾದಾಗ ಆ ಒಂದು ಕಲಂ ತಡೆಹಿಡಿದರು.

ಲಾರಿಯವರ ಮೇಲೆ ನನಗೆ ಸಿಟ್ಟು ಇರಬೇಕಿತ್ತು. ಪೂರ್ತಿ ಇಲ್ಲ. ನಿಲ್ಲಿಸಿದರೆ ಜನ ಹೊಡೆದು ಸಾಯಿಸುತ್ತಾರೆ ಅನ್ನುತ್ತಾರೆ ಅವರು. ಸುಳ್ಳಾ? ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು ಅಂತ ಚಾಲಕನಿಗೆ ಹೇಳುವ ಕಾಯ್ದೆಯೇ, ರೊಚ್ಚಿಗೆದ್ದ ಜನರಿಂದಾಗಿ ಆಸ್ಪತ್ರೆಗೆ ಸೇರಿಸಲು ಆಗದೇ ಹೋಗಬಹುದು ಅಂತ ಒಪ್ಪಿಕೊಂಡಿದೆ. ಮೊದಲು ನಿಂತವನಿಗೇ ಮೊದಲ ಏಟು ಬೀಳುವ ಕಡೆ ಯಾರು ತಾನೇ ನಿಲ್ಲುತ್ತಾರೆ? ಆದರೆ ಆ ಜಾಗದಲ್ಲಿ ನಿಲ್ಲಲು ಭಯವಾದವನು ಹತ್ತು ಕಿಲೋಮೀಟರ್ ಮುಂದೆ ಹೋಗಿ ಠಾಣೆಯಲ್ಲಿ ನಿಲ್ಲಬಹುದಲ್ಲ. ನನ್ನನ್ನು ಬೀಳಿಸಿದವನಿಗೆ ದಾರಿಯಲ್ಲಿ ಎರಡು ಠಾಣೆ ಸಿಕ್ಕಿರುತ್ತವೆ.

ನೆದರ್‌ಲ್ಯಾಂಡ್ಸ್‌ನಲ್ಲಿ 1971ರಲ್ಲಿ ರಸ್ತೆಯಲ್ಲಿ ಸತ್ತವರು ಮೂರು ಸಾವಿರದ ಮೇಲೆ, ಅದರಲ್ಲಿ ಮಕ್ಕಳು ನಾನೂರಕ್ಕೂ ಹೆಚ್ಚು. ತಾಯಂದಿರು ಬೀದಿಗೆ ಬಂದರು. ‘ಮಕ್ಕಳ ಕೊಲೆ ನಿಲ್ಲಿಸಿ’ ಅಂತ ಚಳವಳಿಗೆ ಹೆಸರಿಟ್ಟರು. ಅಪಘಾತ ಅನ್ನಲಿಲ್ಲ, ನೋಡಿ. ಇವತ್ತು ಅಲ್ಲಿ ಹದಿನಾಲ್ಕು ತುಂಬದ ಮಗುವಿಗೆ ಕಾರು ಗುದ್ದಿದರೆ, ಮಗುವೇ ಅಡ್ಡ ಬಂದಿದ್ದರೂ ನಷ್ಟ ತುಂಬುವ ಹೊಣೆ ಸಾಮಾನ್ಯವಾಗಿ ಪೂರ್ತಿ ಕಾರಿನವರದೇ.

ನಾವು ಚಿಕ್ಕವರಿದ್ದಾಗ ಇಲ್ಲಿ ತಿರುಗಾಮುರುಗಾ ಇತ್ತು. ಸೈಕಲ್‌ಗೆ ಮುನಿಸಿಪಾಲಿಟಿ ಬಿಲ್ಲೆ ಬೇಕು, ರಾತ್ರಿ ಡೈನಮೋ ಉರಿಯಬೇಕು, ಡಬಲ್ ರೈಡಿಂಗ್ ಹೋದರೆ ಪೊಲೀಸರು ಗಾಳಿ ಬಿಡುತ್ತಿದ್ದರು. ಅಷ್ಟೊಂದು ಲೆಕ್ಕ ಕೊಟ್ಟವರು ನಾವು!

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಬಿದ್ದವರನ್ನು ಎತ್ತಿದರೆ ಕೋರ್ಟು ಕಚೇರಿ ಅಲೆಯಬೇಕು ಅನ್ನುವ ಹೆದರಿಕೆ ಬೇಡ. ಕರ್ನಾಟಕ 2016ರಲ್ಲೇ ನೆರವಾದವರ ರಕ್ಷಣೆಗೆ ಕಾಯ್ದೆ ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. ಆಮೇಲೆ ಮೋಟಾರು ವಾಹನ ಕಾಯ್ದೆಗೂ ಅಂಥದ್ದೇ ಕಲಂ ಸೇರಿತು. 108ಕ್ಕೋ 112ಕ್ಕೋ ಫೋನ್ ಮಾಡಿ. ಫೋನ್ ಕೈಯಲ್ಲೇ ಇರುತ್ತಲ್ಲ, ಓಡುವ ಗಾಡಿಯ ಹಿಂಭಾಗದ್ದು ಒಂದು ಫೋಟೋ ತೆಗೆಯಿರಿ. ಆಗದಿದ್ದರೆ ನಂಬರನ್ನು ಬಾಯಲ್ಲಿ ಹೇಳುತ್ತಲೇ ಇರಿ, ಬರೆದುಕೊಳ್ಳುವವರೆಗೆ. ಬಿದ್ದವರ ಮನೆಯವರೇ, ಗುದ್ದಿದವರು “ಐದು ಸಾವಿರ ಕೊಡ್ತೀವಿ, ಕೇಸು ಬೇಡ” ಅಂದರೆ ಆ ರಾಜಿಗೆ ಅಲ್ಲೇ ತಲೆಯಾಡಿಸಬೇಡಿ. ಒಳಗಿನ ಪೆಟ್ಟು ಗೊತ್ತಾಗುವುದು ಎರಡು ದಿನ ಆದ ಮೇಲೆ. ಎಫ್‌ಐಆರ್ ಇಲ್ಲ, ಡಾಕ್ಟರು ಗಾಯದ ಬಗ್ಗೆ ಬರೆದುಕೊಡುವ ವೂಂಡ್ ಸರ್ಟಿಫಿಕೇಟ್ ಇಲ್ಲ ಅಂದರೆ ಆಮೇಲೆ ಕೇಸು ಗೆಲ್ಲುವುದು ಬಹಳ ಕಷ್ಟ.

ನನ್ನ ಸೈಕಲ್ ಈಗಲೂ ಓಡುತ್ತಿದೆ. ಹಿಂದೆ ಅಂಗೈ ಅಗಲದ ಕೆಂಪು ರಿಫ್ಲೆಕ್ಟರ್ ಹಾಕಿಸಿದ್ದೇನೆ. ಆ ಸೊಟ್ಟ ರಿಮ್ಮನ್ನು ಸೈಕಲ್ ಶಾಪಿನವರು ಗುಜರಿಗೆ ಹಾಕಲಿಲ್ಲ. ಅಂಗಡಿ ಮುಂದಿನ ಬೇವಿನ ಮರಕ್ಕೆ ಕಟ್ಟಿ, ಹಳೇ ಟ್ಯೂಬುಗಳನ್ನು ಅದಕ್ಕೆ ನೇತುಹಾಕಿದ್ದಾರೆ. ಟೀ ಅಂಗಡಿಯ ಆ ಇಬ್ಬರೂ ಆಗಾಗ ಸಿಗುತ್ತಾರೆ. ಒಬ್ಬರು ಈಗಲೂ 47 ಅಂತಾರೆ. ಇನ್ನೊಬ್ಬರು, 74.

ನಮಸ್ಕಾರ.